ಪಿಸಿಲಿ ಡೌನ್‌ಲೋಡ್ ಮಾಡಿದ ಫೈಲನ್ನ ಹಳೇ ಮ್ಯಾಕ್ ಅಥವಾ ಅಮಿಗಾಗೆ (ಕಮೊಡೋರ್ ಕಂಪನಿಯ ಹಳೇ ಕಂಪ್ಯೂಟರ್) ಫ್ಲಾಪಿಲಿ ಸಾಗಿಸೋದು ಹೇಗೆ?

ಆಗತ್ತೆ, ಆದ್ರೆ ಹಳೇ ಮ್ಯಾಕಿನ 800 ಕೆಬಿ ಡಿಸ್ಕನ್ನ ಪಿಸಿ ಡ್ರೈವು ಓದೋದೂ ಇಲ್ಲ ಬರೆಯೋದೂ ಇಲ್ಲ, ಯಾಕಂದ್ರೆ ಮ್ಯಾಕಲ್ಲಿ ಹೊರಗಿನ ಟ್ರ್ಯಾಕಿಗೆ (ಡೇಟಾ ಬರೆಯೋ ವೃತ್ತ) ಡಿಸ್ಕ್ ನಿಧಾನ ತಿರುಗತ್ತೆ, ಒಳಗೆ ಹೋದಂಗೆ ಜೋರಾಗತ್ತೆ, ಪಿಸಿಲಿ ಒಂದೇ ಸ್ಪೀಡು. ಇದು ಸಾಫ್ಟ್‌ವೇರ್ ಹಾಕಿ ಸರಿ ಮಾಡೋ ಮಾತಲ್ಲ. ಅದಕ್ಕೇ ಪಿಸಿ ಫಾರ್ಮ್ಯಾಟಲ್ಲೇ ಬರೆದು, ಓದೋ ಕಷ್ಟ ಹಳೇ ಮಷೀನಿಗೇ ಬಿಡಿ.

ಮ್ಯಾಕಲ್ಲಿ 1.44 ಎಂಬಿ ಡ್ರೈವಿದ್ರೆ ಬಚಾವ್, ಸಿಸ್ಟಮ್ 7.5 ಜೊತೆ ಪಿಸಿ ಡಿಸ್ಕ್ ಓದೋ ಪಿಸಿ ಎಕ್ಸ್‌ಚೇಂಜ್ ಅನ್ನೋ ಸಾಫ್ಟ್‌ವೇರ್ ಬರತ್ತೆ, ಡಿಸ್ಕ್ ಹಾಕಿದ್ರೆ ಡೆಸ್ಕ್‌ಟಾಪಲ್ಲಿ ಕಾಣ್ಸತ್ತೆ. ಅಮಿಗಾದಲ್ಲಿ ಅದರ ಸಿಸ್ಟಮ್ ಸಾಫ್ಟ್‌ವೇರ್ ವರ್ಕ್‌ಬೆಂಚ್ 2.1ರಿಂದ ಇದೇ ಕೆಲಸಕ್ಕೆ ಕ್ರಾಸ್‌ಡಾಸ್ ಇದೆ, ಆದ್ರೆ ಸಾಮಾನ್ಯವಾಗಿ 720 ಕೆಬಿ ಡಿಸ್ಕೇ ಬೇಕು. ಸಿಗ್ಲಿಲ್ವಾ, ಎಚ್‌ಡಿ (1.44 ಎಂಬಿ) ಫ್ಲಾಪಿಲಿ ಲಾಕ್ ಮಾಡೋ ತೂತು ಒಂದು ಕಡೆ ಇರತ್ತಲ್ಲ, ಅದರ ಎದುರು ಬದಿಯ ತೂತಿಗೆ ಟೇಪ್ ಅಂಟಿಸಿ 720ಕ್ಕೆ ಫಾರ್ಮ್ಯಾಟ್ ಮಾಡಿ, ತಾತ್ಕಾಲಿಕಕ್ಕೆ ನಡೆಯತ್ತೆ, ಆದ್ರೆ ವರ್ಷಗಟ್ಲೆ ಇಡೋ ಡೇಟಾಗೆ ನಂಬಬೇಡಿ.

ಎಲ್ರೂ ಎಡವೋದು ಇಲ್ಲಿ: ಪ್ಯಾಕ್ ಮಾಡಿರೋ ಮ್ಯಾಕ್ ಫೈಲನ್ನ ಪಿಸಿಲಿ ಬಿಚ್ಚಲೇಬೇಡಿ. ಅದರ ರಿಸೋರ್ಸ್ ಫೋರ್ಕ್ (ಮ್ಯಾಕ್ ಫೈಲಿನ ಎರಡನೇ ಭಾಗ, ಪ್ರೋಗ್ರಾಮಿನ ಕೋಡ್, ಐಕಾನ್ ಎಲ್ಲ ಅದರಲ್ಲೇ ಇರತ್ತೆ) ಹೋಗಿ ಪ್ರೋಗ್ರಾಮ್ ಬರೀ ಖಾಲಿ ಡಾಕ್ಯುಮೆಂಟ್ ಥರ ಕೂತಿರತ್ತೆ. ಹೀಗೆ ಪ್ಯಾಕ್ ಮಾಡಿರೋ ಎಸ್‌ಐಟಿ (.sit) ಅಥವಾ ಎಚ್‌ಕ್ಯೂಎಕ್ಸ್ (.hqx) ಫೈಲನ್ನ ಹಂಗೇ ಕಾಪಿ ಮಾಡಿ, ಮ್ಯಾಕಲ್ಲಿ ಸ್ಟಫಿಟ್ ಎಕ್ಸ್‌ಪಾಂಡರಿಂದ ಬಿಚ್ಚಿ.