ಹುಲ್ಲಿನ ಮೇಲೆ ವಾಡೆ ಎಬ್ಬಿಸುವ ಮಾತು

ಪುಣೆಯ ಕೋಥ್ರೂಡಿನಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: “ದೀಪಾವಳಿ ರಜೆಗೆ ಧಾರವಾಡದಿಂದ ಬಂದಿದ್ದ ಮೊಮ್ಮಗನನ್ನು ಶನಿವಾರವಾಡಾ ತೋರಿಸಲು ಕರೆದುಕೊಂಡು ಹೋಗಿದ್ದೆ. ದಿಲ್ಲಿ ದರವಾಜಾ ದಾಟಿದ ಕೂಡಲೇ ಹುಡುಗ ‘ಅಜ್ಜಾ, ವಾಡೆ ಎಲ್ಲೈತಿ? ಬರೇ ಹುಲ್ಲೈತಲ್ಲ’ ಅಂದ. ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದವನೇ ಬಣ್ಣದ ಪೆನ್ಸಿಲ್ ಹಿಡಿದು ತನ್ನ ಮನಸ್ಸಿನ ವಾಡೆ ಬರೆಯುತ್ತ ಕೂತ. ಈಗ ಕಣ್ಣಿಗೆ ಕನ್ನಡಕದಂಥ ಯಂತ್ರ ಹಾಕಿಕೊಂಡರೆ ಬಿದ್ದುಹೋದ ಕಟ್ಟಡದೊಳಗೆ ಓಡಾಡಬಹುದಂತೆ. ಶನಿವಾರವಾಡಾವನ್ನು ಹಾಗೆ ಎಬ್ಬಿಸಿ ಬಾಗಿಲಲ್ಲೇ ತೋರಿಸಬಾರದೇಕೆ? ಅಥವಾ ಅದು ಇತಿಹಾಸಕ್ಕೆ ಬಗೆಯುವ ದ್ರೋಹವೆ?”

ಮಾನ್ಯರೇ,

ನಿಮ್ಮ ಮೊಮ್ಮಗ ಕೇಳಿದ್ದು ಸರಿಯಾದ ಪ್ರಶ್ನೆ. ವಾಡೆ ಅಂದರೇನೆಂದು ಧಾರವಾಡದ ಹುಡುಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಚೌಕು, ಪಡಸಾಲೆ, ತೊಲೆ, ಜಂತಿ ಎಲ್ಲ ನಮ್ಮ ಕಡೆಯ ದೇಸಾಯರ ವಾಡೆಗಳಲ್ಲೂ ಇದ್ದವೇ. ಅವನು ಹುಡುಕಿದ್ದು ಅದನ್ನೇ, ಸಿಕ್ಕಿದ್ದು ತಳಪಾಯದ ಜೋತೆಗಲ್ಲು ಮತ್ತು ಹುಲ್ಲು. ಮರಾಠರ ಪೇಶ್ವೆ, ಅಂದರೆ ಪ್ರಧಾನಿ, ಒಂದನೇ ಬಾಜೀರಾಯ 1730ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಈ ಅರಮನೆ 1828ರ ಫೆಬ್ರವರಿಯಲ್ಲಿ ಹತ್ತಿದ ಬೆಂಕಿಗೆ ದಿನಗಟ್ಟಲೆ ಉರಿಯಿತು. ಉಳಿದದ್ದು ಕೋಟೆಗೋಡೆ, ಬುರುಜು, ಐದು ಬಾಗಿಲು, ತಳಪಾಯ, ಕಾರಂಜಿಯ ತೊಟ್ಟಿ. ಮರ ಸುಟ್ಟಿತು, ಕಲ್ಲು ಉಳಿಯಿತು.

ಕಟ್ಟಬೇಕು ಎಂಬುದೇ ನನ್ನ ಉತ್ತರ. ಆದರೆ ಯಾವುದು ಗೊತ್ತಿರುವುದು, ಯಾವುದು ಊಹೆ ಎಂದು ನೋಡುವವನಿಗೆ ತಿಳಿಯುವ ಹಾಗೆ ಕಟ್ಟಬೇಕು. ಹಾಗಿಲ್ಲದಿದ್ದರೆ ಹುಲ್ಲೇ ಮೇಲು.

ನಾನು ಹೀಗೆ ಹಟ ಹಿಡಿಯುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮುಂಬಯಿಯಲ್ಲಿ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ತಲೆಗೆ ಹೆಡ್‌ಸೆಟ್ ಕಟ್ಟಿ ಕೂಡಿಸಿದರು. ಗೋವೆಯ ಕದಂಬರ ಕಾಲದ ಗುಡಿ ಎಂದು ಹೇಳಿ ತೋರಿಸಿದ ಮಂಟಪದಲ್ಲಿ ಬೇಲೂರಿನ ಕಂಬಗಳು ನಿಂತಿದ್ದವು! ಗೋವೆಯಲ್ಲಿ ಕದಂಬರ ಕಾಲದ್ದೇ ಆದ ತಾಂಬ್ಡಿ ಸುರ್ಲದ ಮಹಾದೇವನ ಗುಡಿಯನ್ನು ಎರಡು ಸಲ ಕಣ್ಣಾರೆ ನೋಡಿ ಬಂದವನು ನಾನು. ಆ ಕಪ್ಪುಕಲ್ಲಿನ ಚಿಕ್ಕ ಗುಡಿಯ ಗಾಂಭೀರ್ಯವೇ ಬೇರೆ. “ಈ ಕಂಬ ಎಲ್ಲಿಂದ ಬಂತಪ್ಪಾ?” ಎಂದು ಕೇಳಿದೆ. “ಸರ್, ಚೆನ್ನಾಗಿ ಕಾಣುತ್ತೆ ಅಂತ ಹಾಕಿದ್ವಿ” ಎಂದ ಅಲ್ಲಿದ್ದ ಹುಡುಗ. ನನ್ನ ಹಿಂದೆ ಸಾಲಿನಲ್ಲಿ ಶಾಲೆಯ ಮಕ್ಕಳಿದ್ದರು. ಅವರ ಕಣ್ಣಿಗೆ ಆ ಗುಡಿ ಇನ್ನು ಹಾಗೆಯೇ ಇರುತ್ತದೆ. ಅವತ್ತಿನ ಸಂಕಟ ಇನ್ನೂ ಹೋಗಿಲ್ಲ.

ಈಗ ಶನಿವಾರವಾಡಾಕ್ಕೆ ಬರೋಣ. ಅಂತಸ್ತು ಎಷ್ಟು? ಏಳು ಎಂದು ಪುಣೆಯ ತುಂಬ ಹೇಳುತ್ತಾರೆ. ಮೇಲಿನ ಮಾಳಿಗೆಯಿಂದ ಆಳಂದಿಯ ದೇವಸ್ಥಾನದ ಶಿಖರ ಕಾಣುತ್ತಿತ್ತು ಎಂಬ ಮಾತೂ ಇದೆ. ಇರಬಹುದು. ಆದರೆ ಕಂಪ್ಯೂಟರಿನಲ್ಲಿ ಕಟ್ಟುವವನು “ಇರಬಹುದು” ಎಂದು ಬರೆದು ಮುಂದೆ ಹೋಗುವ ಹಾಗಿಲ್ಲ. ಒಂದೋ ಏಳನೆಯ ಅಂತಸ್ತು ಎಬ್ಬಿಸಬೇಕು, ಇಲ್ಲವೇ ಬಿಡಬೇಕು. ಎಬ್ಬಿಸಿದರೆ ಅದಕ್ಕೆ ಕಿಟಕಿ ಬೇಕು, ಕಿಟಕಿಗೆ ಬಣ್ಣ ಬೇಕು, ನೆಲಕ್ಕೆ ಜಮಖಾನೆ ಬೇಕು. ಒಂದು ಊಹೆಯ ಬೆನ್ನಿಗೆ ನೂರು ಊಹೆ ಏರುತ್ತವೆ, ಪರದೆಯ ಮೇಲೆ ಎಲ್ಲವೂ ಒಂದೇ ಹೊಳಪಿನಲ್ಲಿ ನಿಲ್ಲುತ್ತವೆ. ನಾವು ಬರೆಯುವವರಿಗೆ “ಎಂಬ ಪ್ರತೀತಿ” ಎಂದು ಸೇರಿಸುವ ಅನುಕೂಲವಿದೆ. ಚಿತ್ರಕ್ಕೆ ಆ ಅನುಕೂಲವಿಲ್ಲ, ಅದನ್ನು ನಾವೇ ಮಾಡಿಕೊಡಬೇಕು.

ಮಾಡಿಕೊಡುವ ದಾರಿಯೂ ಇದೆ. ಇಂಥ ಕೆಲಸಕ್ಕೆಂದೇ ‘ಲಂಡನ್ ಚಾರ್ಟರ್’ ಎಂಬ ನಿಯಮಾವಳಿ ಬಂದಿದೆ. 2006ರಲ್ಲಿ ಹುಟ್ಟಿ 2009ರಲ್ಲಿ ತಿದ್ದುಪಡಿಯಾಯಿತು. ಯಾವ ಆಧಾರದ ಮೇಲೆ ಏನನ್ನು ತೀರ್ಮಾನಿಸಿದಿರಿ ಎಂಬುದನ್ನು ಬರೆದಿಟ್ಟು ನೋಡುವವರಿಗೂ ತೆರೆದಿಡಿ ಎಂಬುದು ಅದರ ಜೀವಾಳ. ನನ್ನನ್ನು ಕೇಳಿದರೆ, ಕಲ್ಲಿನ ತಳಪಾಯ ಗಟ್ಟಿ ಬಣ್ಣದಲ್ಲಿರಲಿ. ಆಧಾರದಿಂದ ಕಟ್ಟಿದ್ದು ತೆಳು ಬಣ್ಣದಲ್ಲಿರಲಿ. ಬರೀ ಊಹೆ ಗೆರೆಯಲ್ಲಿ ಮಾತ್ರ ನಿಲ್ಲಲಿ. ಹುಡುಗ ಒಂದು ಕಂಬದತ್ತ ಬೆರಳು ತೋರಿಸಿದರೆ ಆ ಕಂಬ ತನ್ನ ಸಾಕ್ಷಿಯನ್ನು ಹೇಳಬೇಕು. ನೋಡುವವನ ಕೈಗೆ ಇಂಥ ಕೆಲಸ ಕೊಡುವುದಾದರೆ ಈ ತಂತ್ರಜ್ಞಾನಕ್ಕೆ ನನ್ನ ಪೂರ್ತಿ ಬೆಂಬಲ. ಖಡ್ಗ ಹಿಡಿದು ಓಡುವ ಆಟವಾದರೆ ಬೇಡ. 1773ರಲ್ಲಿ ಹದಿಹರೆಯದ ನಾರಾಯಣರಾಯ ಪೇಶ್ವೆಯನ್ನು ಕೊಂದ ಜಾಗ ಅದು. ಅವನ ಕೂಗನ್ನು ದೆವ್ವದ ಕತೆ ಮಾಡಿ ಮಾರುವವರು ಈಗಲೇ ಸಾಕಷ್ಟಿದ್ದಾರೆ.

ಸಾಕ್ಷಿ ಎಲ್ಲಿದೆ ಎಂದು ಕೇಳುವಿರಿ. ಪುಣೆಯಲ್ಲೇ ರಾಶಿ ಬಿದ್ದಿದೆ. ಪೇಶ್ವೆ ದಫ್ತರದ, ಅಂದರೆ ಅವರ ಆಡಳಿತದ ದಾಖಲೆಗಳ, ಕಾಗದಗಳಿವೆ, ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ಬರೆದವು. ಬಾಜೀರಾಯ ರಸ್ತೆಯಲ್ಲಿ ವಿಶ್ರಾಮಬಾಗ್ ವಾಡಾ ಇದೆ. ಎರಡನೇ ಬಾಜೀರಾಯನ ಕಾಲದ್ದು, ಅಂದರೆ ಸುಮಾರು ಮುಕ್ಕಾಲು ಶತಮಾನ ಈಚಿನದು. ಆದರೂ ಪೇಶ್ವೆಗಳ ಬಡಗಿಗಳ ಕೈ ಹೇಗೆ ಓಡುತ್ತಿತ್ತು ಎಂದು ಅಲ್ಲಿ ಮುಟ್ಟಿ ನೋಡಬಹುದು. ಸುರು (ಸೈಪ್ರೆಸ್) ಮರದ ಆಕಾರದಲ್ಲಿ ನಡು ಉಬ್ಬಿ ತುದಿ ಸಣ್ಣಗಾದ ಕಂಬಗಳು, ಕಮಾನಿನಲ್ಲಿ ಇಳಿಬಿದ್ದ ಬಾಳೆಮೂತಿ. ಮೊಮ್ಮಗ ಮುಂದಿನ ಸಲ ಬಂದಾಗ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ಇನ್ನೊಂದು ಸಾಕ್ಷಿ ನಮಗೆ, ಕನ್ನಡದವರಿಗೆ, ವಿಶೇಷವಾಗಿ ತಟ್ಟುವಂಥದು. 1790ರಲ್ಲಿ ಟಿಪ್ಪುವಿನ ಮೇಲೆ ಯುದ್ಧ ಹೂಡಲು ಕಂಪನಿಯವರೂ ಪೇಶ್ವೆಯೂ ಒಪ್ಪಂದ ಮಾಡಿಕೊಂಡ ದರ್ಬಾರಿನ ದೊಡ್ಡ ತೈಲಚಿತ್ರವೊಂದಿದೆ. ಶ್ರೀರಂಗಪಟ್ಟಣದ ದಿಡ್ಡಿಬಾಗಿಲ ತನಕ ಫಿರಂಗಿ ಬಂದದ್ದರ ಹಿಂದೆ ಈ ಒಪ್ಪಂದವೂ ಇದೆ. ಚಿತ್ರದಲ್ಲಿ ಕಂಬ, ಕಮಾನು, ಹಾಸು ಎಲ್ಲ ಅಚ್ಚುಕಟ್ಟಾಗಿವೆ. ಆದರೆ ಬರೆದವನು ಥಾಮಸ್ ಡೇನಿಯಲ್, ಮುಗಿಸಿದ್ದು 1805ರಲ್ಲಿ, ಇಂಗ್ಲೆಂಡಿನಲ್ಲಿ. ಅವನಿಗೆ ಆಧಾರ ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಪುಣೆಯಲ್ಲಿ ಮಾಡಿಟ್ಟಿದ್ದ ರೇಖಾಚಿತ್ರಗಳು. ವೇಲ್ಸ್ ಹಿಂದೂಸ್ತಾನಕ್ಕೆ ಬಂದದ್ದೇ 1791ರಲ್ಲಿ, 1795ರಲ್ಲಿ ತೀರಿಕೊಂಡ. ಎಂದರೆ ಆ ದರ್ಬಾರನ್ನು ಇಬ್ಬರೂ ಕಣ್ಣಾರೆ ಕಂಡಿಲ್ಲ. ಮುಖಗಳನ್ನು ಕಂಡು ಬರೆದವನೊಬ್ಬ, ದರ್ಬಾರು ಕೂಡಿಸಿದವನು ಇನ್ನೊಬ್ಬ. ಇಲ್ಲದ ಸಭೆಯನ್ನು ಮತ್ತೆ ಕಟ್ಟುವ ಕೆಲಸವನ್ನು ಇನ್ನೂರು ವರ್ಷದ ಹಿಂದೆ ಬಣ್ಣ, ಕುಂಚ ಹಿಡಿದು ಮಾಡಿದ್ದರು. ಆ ಚಿತ್ರ ನೋಡಿ ನಾವು ದರ್ಬಾರು ಕಟ್ಟಿದರೆ ಈ ಕತೆಯನ್ನೂ ಕೂಡಿಸಿ ಹೇಳಬೇಕಲ್ಲವೆ?

ತಾಂತ್ರಿಕ ಮಾತು ಸ್ವಲ್ಪ. ಉಳಿದ ಭಾಗವನ್ನು ಸಾವಿರಾರು ಫೋಟೋ ತೆಗೆದು, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಜೋಡಿಸಿ, ಕಂಪ್ಯೂಟರಿನಲ್ಲಿ ಮೂರು ಆಯಾಮದ ಆಕೃತಿ ಮಾಡುತ್ತಾರೆ. ಲೇಸರ್ ಹಾಯಿಸಿಯೂ ಅಳೆಯುತ್ತಾರೆ. ಇಲ್ಲದ ಭಾಗವನ್ನು ಕಲಾವಿದರು ಅದರ ಮೇಲೆ ಕಟ್ಟುತ್ತಾರೆ. ವಿಡಿಯೋ ಗೇಮ್ ಮಾಡುವ ತಂತ್ರಾಂಶದಲ್ಲಿಟ್ಟರೆ ಒಳಗೆ ನಡೆದಾಡಬಹುದು. ಹೆಡ್‌ಸೆಟ್ಟಿನ ಬಗ್ಗೆ ಮಾತ್ರ ನನಗೆ ಒಲವಿಲ್ಲ. ತಲೆ ತಿರುಗಿಸಿದಷ್ಟೇ ವೇಗದಲ್ಲಿ ಚಿತ್ರ ತಿರುಗದಿದ್ದರೆ ಹೊಟ್ಟೆ ತೊಳಸುತ್ತದೆ. ಅಲ್ಲದೆ ಹತ್ತು ಹೆಡ್‌ಸೆಟ್ ಇಟ್ಟು ತಲೆಗೆ ಹತ್ತು ನಿಮಿಷ ಕೊಟ್ಟರೆ ಗಂಟೆಗೆ ಅರವತ್ತೇ ಜನ. ಭಾನುವಾರದ ಶನಿವಾರವಾಡಾಕ್ಕೆ ಅದು ಯಾವ ಮೂಲೆಗೂ ಸಾಲದು. ಅದರ ಬದಲು ಮೊಬೈಲನ್ನೋ ಟ್ಯಾಬ್ಲೆಟ್ಟನ್ನೋ ತಳಪಾಯದ ಎದುರು ಎತ್ತಿ ಹಿಡಿದರೆ ಆ ಜೋತೆಗಲ್ಲಿನ ಮೇಲೆಯೇ ಕಂಬ ಏಳುವ ಹಾಗೆ ಮಾಡಬಹುದು. ಬಿಸಿಲಿಗೆ ಪರದೆ ಸರಿಯಾಗಿ ಕಾಣದು, ನಿಜ. ಆದರೆ ಕಾಲು ಅದೇ ಮಣ್ಣಿನ ಮೇಲಿರುತ್ತದೆ, ಅಜ್ಜ ಮೊಮ್ಮಗ ಇಬ್ಬರೂ ಒಂದೇ ಪರದೆಗೆ ತಲೆ ಕೂಡಿಸಿ ನೋಡಬಹುದು. ಹದಿನಾರು ಎಸಳಿನ ಹಜಾರಿ ಕಾರಂಜಿಯ ಎದುರು ನಿಂತು ನೀರು ಚಿಮ್ಮುವುದನ್ನು ಇಬ್ಬರೂ ಒಟ್ಟಿಗೆ ಕಂಡರೆ ಅದಕ್ಕಿಂತ ಇನ್ನೇನು ಬೇಕು?

ಎಲ್ಲ ಕಡೆಯೂ ಇದು ಬೇಡ ಎಂದೂ ಹೇಳಿಬಿಡುತ್ತೇನೆ. ನಮ್ಮ ಎಲಿಫೆಂಟಾದಲ್ಲಿ ನಟರಾಜನ ಕೈಕಾಲು ಮುರಿದಿವೆ. ಅವನ್ನು ಪರದೆಯಲ್ಲಿ ಜೋಡಿಸಿ ಕೊಟ್ಟರೆ ಏನು ಸಿಕ್ಕೀತು? ಮುರಿದ ತೋಳಿನಲ್ಲೂ ಆ ಕುಣಿತ ನಿಂತಿಲ್ಲ. ಅಲ್ಲಿ ಕಲ್ಲಿಗೆ ಕಲ್ಲೇ ಇದೆ, ಬೆಳಕು ಸರಿದ ಹಾಗೆ ಮಹೇಶಮೂರ್ತಿಯ ಮುಖಗಳು ಬದಲಾಗುವುದನ್ನು ಕೂತು ನೋಡುವುದೇ ಸಾಕು. ಇರುವುದರ ಎದುರು ಯಂತ್ರ ಬೇಡ, ಇಲ್ಲದ್ದಕ್ಕೆ ಇರಲಿ.

ಕೊನೆಯದಾಗಿ ಒಂದು ಕೋರಿಕೆ. ಮೊಮ್ಮಗ ಬರೆದ ಚಿತ್ರವನ್ನು ದಯವಿಟ್ಟು ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಇನ್ನೂ ಮುಗಿಸಿರದಿದ್ದರೆ ಎಷ್ಟು ಅಂತಸ್ತು ಬರೆಯಬೇಕೆಂದು ಮಾತ್ರ ಹೇಳಿಕೊಡಬೇಡಿ.

— ಸಂಪಾದಕ