ಮನೆಗೆ ಚರಂಡಿ ನೀರು ನುಗ್ಗಿದೆ. ಮನೆ ಒಣಗೋವರೆಗೆ ನಾಯಿ ಜೊತೆಗಿನ ಜಿಯೋಕ್ಯಾಶಿಂಗ್ ವಾಕ್ ನಿಲ್ಲಿಸಬೇಕಾ?

ಎರಡು ವಾರದ ಹಿಂದೆ ಮನೆಯೊಳಗೆ ನೀರು, ಗೋಡೆ ಇನ್ನೂ ಹಸಿ, ಲ್ಯಾಬ್ರಡಾರ್ ಮಾತ್ರ ದಿನಾ ಸಂಜೆ ಚೈನು ಕಚ್ಚಿಕೊಂಡು ಬಾಗಿಲ ಹತ್ತಿರ ಬಂದು ನಿಲ್ಲುತ್ತೆ, ಇಂಥ ಹೊತ್ತಲ್ಲಿ ಜಿಪಿಎಸ್ ಹಿಡಿದು ಯಾರೋ ಬಚ್ಚಿಟ್ಟ ಡಬ್ಬಿ (ಜಿಯೋಕ್ಯಾಶಿಂಗ್ ಆಟದ 'ಕ್ಯಾಶ್') ಹುಡುಕೋಕೆ ಹೋಗೋದು ಬೇಜವಾಬ್ದಾರಿ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ, ಹೋಗಿ. ಆದರೆ ನೀವು ಮನೆ ಬಗ್ಗೆ ಚಿಂತೆ ಮಾಡ್ತಿದ್ದೀರಿ, ನಾನೂ ಆಗ ಅದನ್ನೇ ಮಾಡಿದ್ದೆ. ಪೆಟ್ಟು ಬಿದ್ದದ್ದು ನಾಯಿಗೆ.

ನಮ್ಮದು ಮೈಸೂರಿನ ರಿಂಗ್ ರೋಡ್ ಆಚೆಯ ತಗ್ಗಿನ ಬಡಾವಣೆ, ಮನೆ ಹಿಂದೆ ಐವತ್ತು ಹೆಜ್ಜೆಗೆ ರಾಜಕಾಲುವೆ. ಒಂದು ಅಕ್ಟೋಬರ್ ರಾತ್ರಿಯ ಮಳೆಗೆ ನೀರು ಮುಂಬಾಗಿಲಿಂದ ಬರಲಿಲ್ಲ, ಬಚ್ಚಲ ಜಾಲರಿಯಿಂದ ಉಕ್ಕಿ ಬಂತು. ಬೆಳಗಾಗೋ ಹೊತ್ತಿಗೆ ಇಳಿದಿತ್ತು, ಗೋಡೆ ಮೇಲೆ ಹದಿನಾಲ್ಕು ಅಂಗುಲ ಎತ್ತರಕ್ಕೆ ಕಂದು ಗೆರೆ ಬಿಟ್ಟು. ಒಂದು ವಾರ ಕೆಸರು ಎತ್ತಿ ತಲೆ ಕೆಟ್ಟು, ಎಂಟನೇ ದಿನ ಬೂದನನ್ನು (ನಾಟಿ ನಾಯಿ, 18 ಕೆಜಿ) ಕರೆದುಕೊಂಡು ಹೊರಟೆ. ಆಟದ ಮ್ಯಾಪಿನಲ್ಲಿ ಒಂದು 'ಮೈಕ್ರೊ' ಡಬ್ಬಿ ಇತ್ತು, ಹಳೇ ಫಿಲ್ಮ್ ರೋಲ್ ಡಬ್ಬಿಯಷ್ಟು ಗಾತ್ರದ್ದು. ಸುಳಿವು: ಮೋರಿ ಕಲ್ಲಿನ ಸಂದಿ. ನಾನು ಬಗ್ಗಿ ಸಂದಿಗೆ ಟಾರ್ಚ್ ಬಿಡ್ತಾ ಇದ್ದೆ. ತಿರುಗಿ ನೋಡಿದರೆ ಬೂದ ಹೊಟ್ಟೆವರೆಗೆ ನಿಂತ ನೀರಿಗೆ ಇಳಿದು ಲೊಚಲೊಚ ಕುಡೀತಿದ್ದ. ಎಳೆದುಕೊಂಡೆ, ಬೈದೆ, ಮನೆಗೆ ಬಂದು ಕಾಲು ತೊಳೆದೆ. ಡಬ್ಬಿ ಸಿಗಲಿಲ್ಲ, 'ಡಿಎನ್ಎಫ್' (ಹುಡುಕಿದೆ, ಸಿಗಲಿಲ್ಲ) ಅಂತ ಲಾಗ್ ಹಾಕಿ ಮರೆತೆ.

ಒಂಬತ್ತು ದಿನಕ್ಕೆ ಊಟ ಬಿಟ್ಟ. ನೀರು ಮಾತ್ರ ಬಟ್ಟಲುಗಟ್ಟಲೆ ಕುಡಿಯೋನು, ಗಂಟೆಗೊಮ್ಮೆ ಉಚ್ಚೆ, ಮೆಟ್ಟಿಲು ಹತ್ತುವಾಗ ಹಿಂಗಾಲು ಎಳೆಯೋನು. ಮಳೆಗಾಲ, ಉಣ್ಣೆ ಕಚ್ಚಿದ ಜ್ವರ ಇರಬೇಕು ಅಂತ ಎರಡು ದಿನ ಕಾದೆ. ಮೂರನೇ ದಿನ ಕಣ್ಣಿನ ಬಿಳಿ ಭಾಗ ಹಳದಿ. ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ. ಆರು ದಿನ ಡ್ರಿಪ್, ಆಮೇಲೆ ಎರಡು ವಾರ ಡಾಕ್ಸಿಸೈಕ್ಲಿನ್, ಎಲ್ಲಾ ಸೇರಿ 27 ಸಾವಿರ. ಉಳಿದುಕೊಂಡ.

ಮೋರಿ ನೀರಿಗೆ ಬಿಟ್ಟದ್ದು ತಪ್ಪೇ, ಆದರೆ ನನ್ನ ದೊಡ್ಡ ತಪ್ಪು ಅದಕ್ಕಿಂತ ಒಂದೂವರೆ ವರ್ಷ ಹಳೇದು. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಸುಮಾರು ಮನೆಗಳಲ್ಲಿ ಇದೇ ಆಗಿರುತ್ತೆ. "ವ್ಯಾಕ್ಸೀನ್ ಎಲ್ಲಾ ಹಾಕ್ಸಿದೀವಿ" ಅಂತ ನಾನು ಯಾರು ಕೇಳಿದರೂ ಹೇಳ್ತಿದ್ದೆ. ಮರಿಯಾಗಿದ್ದಾಗ ಎಲ್ಲಾ ಹಾಕ್ಸಿದ್ದು ನಿಜ. ಆಮೇಲೆ ಪ್ರತಿ ವರ್ಷ ಹಾಕ್ಸಿದ್ದು ರೇಬೀಸ್ ಒಂದೇ. ಕಾರ್ಡಿನಲ್ಲಿ ವರ್ಷಕ್ಕೊಂದು ಸ್ಟಿಕ್ಕರ್, ಸಹಿ, ಸೀಲು ಇರ್ತಿತ್ತು, ನೋಡಿದರೆ ಸಮಾಧಾನ. ಆ ಸ್ಟಿಕ್ಕರ್ ಮೇಲೆ ಏನು ಬರೆದಿದೆ ಅಂತ ಒಂದು ದಿನವೂ ಓದಲಿಲ್ಲ.

ನೀವು ಇವತ್ತೇ ಓದಿ. ಬಾಟಲಿಯಿಂದ ಕಿತ್ತು ಅಂಟಿಸಿದ ಚಿಕ್ಕ ಚೀಟಿಗಳು ಇರ್ತವೆ. 'ಡಿಹೆಚ್‌ಪಿಪಿಐ' ಅಂತ ಅಷ್ಟೇ ಇದ್ದರೆ ಅದು ಡಿಸ್ಟೆಂಪರ್, ಪಾರ್ವೊ ಇತ್ಯಾದಿಗೆ. ಅದರಲ್ಲಿ ಲೆಪ್ಟೊ ಇಲ್ಲ. ಕೊನೆಗೆ 'ಎಲ್' ಅಥವಾ 'ಎಲ್4' ಇರಬೇಕು, ಇಲ್ಲಾ ಪಕ್ಕದಲ್ಲೇ ಲೆಪ್ಟೊ ಅಂತ ಇನ್ನೊಂದು ಚೀಟಿ ಇರಬೇಕು. ಎರಡು ಚೀಟಿ ಯಾಕೆ ಅಂದ್ರೆ, ಕೆಲವು ಕಂಪನಿಗಳಲ್ಲಿ ಮುಖ್ಯ ಲಸಿಕೆ ಒಣಗಿದ ಬಿಲ್ಲೆ ತರ ಬರುತ್ತೆ, ಅದನ್ನು ಕರಗಿಸೋ ದ್ರವದಲ್ಲೇ ಲೆಪ್ಟೊ ಇರುತ್ತೆ. ಬರೀ ಶುದ್ಧ ನೀರಿನಲ್ಲಿ ಕರಗಿಸಿ ಕೊಟ್ಟಿದ್ದರೆ ಸೂಜಿ ಚುಚ್ಚಿದ್ದು ಹೌದು, ಲೆಪ್ಟೊ ಹೋಗಿರಲ್ಲ. ಇನ್ನೊಂದು ವಿಷಯ: ಪಾರ್ವೊ ಲಸಿಕೆಯ ರಕ್ಷಣೆ ವರ್ಷಗಟ್ಟಲೆ ನಿಲ್ಲುತ್ತೆ, ಲೆಪ್ಟೊದ್ದು ಹೆಚ್ಚುಕಮ್ಮಿ ಹನ್ನೆರಡು ತಿಂಗಳು ಅಷ್ಟೇ. ತುಂಬಾ ದಿನ ತಪ್ಪಿ ಹೋಗಿದ್ದರೆ ಒಂದು ಬೂಸ್ಟರ್ ಸಾಲಲ್ಲ, ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಮತ್ತೆ ಎರಡು ಡೋಸ್. ಎರಡನೇದು ಆಗಿ ಇನ್ನೆರಡು ವಾರ ಕಳೆದ ಮೇಲೆ ಧೈರ್ಯ. ಅಂದರೆ ನಾಳೆ ಬೆಳಗ್ಗೆ ಹಾಕ್ಸಿದರೂ ನಿಮ್ಮ ನಾಯಿಗೆ ಇನ್ನೊಂದು ತಿಂಗಳಾದರೂ ರಕ್ಷಣೆ ಇಲ್ಲ ಅಂತಲೇ ಲೆಕ್ಕ ಹಾಕಿ ನಡೀಬೇಕು. ಲಸಿಕೆ ಎಲ್ಲಾ ತಳಿಯ ಲೆಪ್ಟೊಗೂ ಕೆಲಸ ಮಾಡಲ್ಲ, ಅದೂ ಗೊತ್ತಿರಲಿ.

ಈ ರೋಗಾಣು ಇಲಿ ಹೆಗ್ಗಣಗಳ ಉಚ್ಚೆಯಿಂದ ನೀರಿಗೆ, ಕೆಸರಿಗೆ ಸೇರುತ್ತೆ. ತೇವದಲ್ಲಿ ವಾರಗಟ್ಟಲೆ ಬದುಕುತ್ತೆ. ಬಿಸಿಲಿಗೆ, ಒಣ ನೆಲದಲ್ಲಿ ಬೇಗ ಸಾಯುತ್ತೆ. ಕಾಲಿನ ಸಣ್ಣ ಗಾಯ, ಬಾಯಿ, ಕಣ್ಣು, ಇಷ್ಟು ದಾರಿ ಸಾಕು ಒಳಗೆ ಹೋಗೋಕೆ. ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ. ಚರಂಡಿ ಉಕ್ಕಿದ ಊರಿನಲ್ಲಿ ಹೆಗ್ಗಣದ ಬಿಲಗಳೆಲ್ಲಾ ತೊಳೆದು ಬೀದಿಗೆ ಬಂದಿರ್ತವೆ ಅನ್ನೋದು ನೆನಪಿರಲಿ. ಮನುಷ್ಯರಿಗೂ ಇದೇ ಜ್ವರ ಬರುತ್ತೆ, ನಾಯಿ ಉಚ್ಚೆಯಿಂದಲೂ ಬರುತ್ತೆ. ಕೆಸರು ಎತ್ತುವಾಗ ಗಮ್‌ಬೂಟು, ರಬ್ಬರ್ ಗ್ಲೌಸ್ ಬೇಕೇ ಬೇಕು. ನಿಮಗೇ ಜ್ವರ, ಮೀನಖಂಡದಲ್ಲಿ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು "ಮನೆಗೆ ಚರಂಡಿ ನೀರು ಬಂದಿತ್ತು" ಅನ್ನೋದು.

ಈಗ ನಿಮ್ಮ ಮನೆ. ಒಣಗೋವರೆಗೆ ಮನೆಯಲ್ಲೇ ಕೂರ್ತೀನಿ ಅಂದ್ರೆ ಯುಗಾದಿವರೆಗೆ ಕೂರಬೇಕಾಗುತ್ತೆ. ಇಟ್ಟಿಗೆ ಗೋಡೆಗೆ ಅಂಗುಲಕ್ಕೊಂದು ತಿಂಗಳು ಅನ್ನೋದು ಹಳೇ ಲೆಕ್ಕ. ನಾಲ್ಕೂವರೆ ಇಂಚಿನ ಗೋಡೆಗೇ ನಾಲ್ಕೈದು ತಿಂಗಳು, ಒಂಬತ್ತು ಇಂಚಿನದಕ್ಕೆ ಇನ್ನೂ ಹೆಚ್ಚು. ಕೈಗೆ ಒಣಗಿದ ಹಾಗೆ ಅನಿಸೋದು ಮೇಲಿನ ಗಾರೆ ಮಾತ್ರ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗಡೆ ಹನಿ ಕಟ್ಟಿದ್ದರೆ ಪುಟ್ಟಿ, ಪೇಂಟು ಮಾತೇ ಬೇಡ. ಹೊಡೆದರೆ ಆರು ತಿಂಗಳಲ್ಲಿ ಉಪ್ಪು ಬಿಟ್ಟು ಹಪ್ಪಳದ ಹಾಗೆ ಏಳುತ್ತೆ.

ಸೀಲಿಂಗ್ ಫ್ಯಾನ್ ಗೋಡೆ ಬುಡಕ್ಕೆ ಏನೂ ಮಾಡಲ್ಲ. ಪೆಡೆಸ್ಟಲ್ ಫ್ಯಾನ್ ತಗ್ಗಿಸಿ, ಗೋಡೆಗೆ ಉದ್ದಕ್ಕೆ ಗಾಳಿ ಸವರಿಕೊಂಡು ಹೋಗೋ ಹಾಗೆ ಓರೆಯಾಗಿ ಇಡಿ. ಎದುರುಬದುರು ಕಿಟಕಿ ಬಿಸಿಲಿದ್ದಾಗ ತೆಗೀರಿ. ಹೊರಗೆ ಜಡಿ ಹಿಡಿದಿರುವಾಗ ತೆಗೆದರೆ ಹೊರಗಿನ ತೇವ ಒಳಗೆ ಬರುತ್ತೆ. ವಾಕ್ ಹೋಗುವಾಗ ಫ್ಯಾನ್ ಓಡ್ತಾ ಇರಲಿ ಅಂತಿದ್ದರೆ ನೀರು ಮುಟ್ಟಿದ ಪ್ಲಗ್ಗಿನಿಂದ ಬೇಡ, ಮಹಡಿ ಲೈನಿನಿಂದ ವೈರ್ ಇಳಿಸಿ, ಅದೂ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಆಫ್ ಆಗೋ ಸ್ವಿಚ್) ಇದ್ದರೆ ಮಾತ್ರ. ಮುಳುಗಿದ ಸ್ವಿಚ್ ಬೋರ್ಡ್ ಒಣಗಿಸಿ ಬಳಸೋ ವಸ್ತು ಅಲ್ಲ, ಬದಲಾಯಿಸಿ. ಮೇನ್ ಆಫ್ ಮಾಡಿದೀನಿ ಅಂತ ಬೋರ್ಡಿಗೆ ಕೈ ಹಾಕೋರು ಯುಪಿಎಸ್ ಮರೀತಾರೆ. ಅದು ಬ್ಯಾಟರಿಯಿಂದ ಕರೆಂಟ್ ಕೊಡ್ತಾನೇ ಇರುತ್ತೆ.

ನೆಲಕ್ಕೆ ಮೊದಲು ಸೋಪಿನ ನೀರು, ವೈಪರ್. ಕೆಸರಿನ ಮೇಲೆ ಬ್ಲೀಚಿಂಗ್ ಪೌಡರ್ ಎರಚೋದು ದಂಡ. ತೊಳೆದಾದ ಮೇಲೆ 10 ಲೀಟರ್ ಬಕೆಟ್ಟಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ (ಹೊಸ ಪ್ಯಾಕೆಟ್, 33 ಪರ್ಸೆಂಟ್ ಕ್ಲೋರಿನ್ ಇರೋದು) ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿ ನೀರಿನಿಂದ ಒರೆಸಿ. ಪೂರ್ತಿ ಒಣಗೋವರೆಗೆ ನಾಯಿ ಮಹಡಿ ಮೇಲಿರಲಿ. ಹಸಿ ಗೋಡೆಗೆ ಗಂಡು ನಾಯಿ ಕಾಲೆತ್ತಿಯೇ ಎತ್ತುತ್ತೆ, ವಾಸನೆ ಅದಕ್ಕೆ ಹೊಸದು. ಆ ಜಾಗವನ್ನ ಮೊದಲು ಬರೀ ನೀರಿನಲ್ಲಿ ತೊಳೀರಿ, ಉಚ್ಚೆ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಗಂಟಲು ಕಟ್ಟೋ ಹೊಗೆ ಬರುತ್ತೆ. ಆಸಿಡ್ ಜೊತೆಯಂತೂ ಯಾವತ್ತೂ ಬೆರೆಸಬೇಡಿ. ನೆಲದೊಳಗಿನ ಸಂಪ್ ತೊಟ್ಟಿಗೆ ಚರಂಡಿ ನೀರು ಸೇರಿದ್ದರೆ ಖಾಲಿ ಮಾಡಿ, ಉಜ್ಜಿ, ಕಾವೇರಿ ನೀರು ತುಂಬಿಸಿ, 5,000 ಲೀಟರಿಗೆ ಅದೇ ಬ್ಲೀಚಿಂಗ್ ಪೌಡರ್ 750 ಗ್ರಾಂ ಹಾಕಿ ಒಂದು ರಾತ್ರಿ ಬಿಟ್ಟು, ಆ ನೀರನ್ನೂ ಚೆಲ್ಲಿ. ಅಲ್ಲೀತನಕ ನಾಯಿ ಬಟ್ಟಲಿಗೂ ಕ್ಯಾನ್ ನೀರೇ.

ಇಷ್ಟಾದ ಮೇಲೆ ದಿನಕ್ಕೆ ಒಂದೂವರೆ ಗಂಟೆ ನೀವು ಹೊರಗಿದ್ದರೆ ಗೋಡೆ ಒಂದು ನಿಮಿಷವೂ ತಡವಾಗಿ ಒಣಗಲ್ಲ. ಲೆಕ್ಕಕ್ಕೆ ಬರೋದು ಎಲ್ಲಿಗೆ ಹೋಗ್ತೀರಿ ಅನ್ನೋದು. ಕೆರೆ ಏರಿ, ರಾಜಕಾಲುವೆ ಪಕ್ಕ, ಮಂಡ್ಯ ಕಡೆಯವರಾದರೆ ನಾಲಾ ಏರಿ, ಇವೆಲ್ಲಾ ಸದ್ಯಕ್ಕೆ ಬಿಡಿ. ಕ್ಯಾಶ್ ಪುಟ ಓದುವಾಗ 'ಟೆರೇನ್' ಅಂಕಿಯಷ್ಟೇ (ದಾರಿ ಎಷ್ಟು ಕಷ್ಟ ಅನ್ನೋದು) ನೋಡಬೇಡಿ, ಸುಳಿವನ್ನ ಮನೆಯಲ್ಲೇ ಬಿಡಿಸಿ ನೋಡಿ. ಮೋರಿ, ಸೇತುವೆ, ಪೊದೆ, ಕಲ್ಲುಗುಡ್ಡೆ ಅಂತಿದ್ದರೆ ಬೇಸಿಗೆಗೆ ಎತ್ತಿಡಿ. ಬೇಲಿ ಕಂಬ, ಬೆಂಚಿನ ಅಡಿ, ಬೋರ್ಡಿನ ಹಿಂದಿನ ಮ್ಯಾಗ್ನೆಟ್ ಡಬ್ಬಿಗಳು ಸೇಫ್. ಸುಳಿವು ನೋಡಿದರೆ ಆಟದ ಮಜಾ ಹೋಗುತ್ತೆ ಅನ್ನೋರು ಅವರ ನಾಯಿಗೆ ಡ್ರಿಪ್ ಹಾಕ್ಸಿಲ್ಲ, ಅಷ್ಟೇ. ನಮ್ಮ ಕಡೆ ಮ್ಯಾಪಿನಲ್ಲಿ ಚುಕ್ಕೆಗಳೇ ಕಡಿಮೆ, ಹಾಗಾಗಿ ಡಬ್ಬಿಯೇ ಇಲ್ಲದ ವರ್ಚುವಲ್ ಕ್ಯಾಶ್ ಹತ್ತಿರದಲ್ಲಿದ್ದರೆ ಮೊದಲು ಅದನ್ನೇ ಮುಗಿಸಿ. ಪೊದೆಗೆ ಕೈ ಹಾಕೋ ಕೆಲಸವೇ ಇರಲ್ಲ.

ನೀವು ಹೊಸಬರಂತೆ ಕಾಣ್ತೀರಿ, ಅದಕ್ಕೆ ಇದೊಂದು: ಕೋಆರ್ಡಿನೇಟ್ ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಇರುತ್ತೆ. ಉತ್ತರ 12° 18.300 ಅಂದರೆ 12.305 ಡಿಗ್ರಿ, 12.183 ಅಲ್ಲ. ಪೂರ್ವ 76° 39.000 ಅಂದರೆ 76.650. ಎರಡರಲ್ಲೂ ಚುಕ್ಕೆ ತಪ್ಪಾಗಿ ಹಾಕಿದರೆ ಮೈಸೂರಿನ ಡಬ್ಬಿ ಎಚ್.ಡಿ. ಕೋಟೆ ದಿಕ್ಕಿನಲ್ಲಿ ಸುಮಾರು 31 ಕಿ.ಮೀ. ಆಚೆ ಹೋಗಿ ಕೂರುತ್ತೆ. ಕೊನೆಯ ಅಂಕಿ ಒಂದು ಬದಲಾದರೆ ಎರಡು ಮೀಟರಿನೊಳಗಿನ ವ್ಯತ್ಯಾಸ, ಆದರೆ ಮರದಡಿ ಫೋನೇ ಹತ್ತು ಮೀಟರ್ ಅಲೆದಾಡುತ್ತೆ. ಆದ್ದರಿಂದ ಹತ್ತು ಮೀಟರ್ ಬಾಕಿ ಇರುವಾಗ ನಿಂತು, ನಾಯಿಯನ್ನ ಒಣ ಜಾಗದಲ್ಲಿ ಗಿಡ್ಡ ಚೈನಿನಿಂದ ಕಂಬಕ್ಕೆ ಕಟ್ಟಿ, ಕಣ್ಣೆದುರಿಗೇ ಇರೋ ಹಾಗೆ ನೋಡಿಕೊಂಡು ನೀವೊಬ್ಬರೇ ಹುಡುಕಿ. ನಾನು ಮಾಡದೇ ಹೋದದ್ದು ಇದೇ. ಕೈಯಲ್ಲಿ ಟಾರ್ಚ್ ಇದ್ದಾಗ ಚೈನಿನ ಕಡೆ ಗಮನ ಇರಲ್ಲ. ಸಂದಿಗೆ ಕೈಗಿಂತ ಮುಂಚೆ ಕೋಲು. ನೀರಿಗೆ ಬಿಲ ಕಳೆದುಕೊಂಡ ಕೊಳಕುಮಂಡಲಕ್ಕೂ ಒಣ ಜಾಗವೇ ಬೇಕು.

ಹೊರಡುವ ಮುಂಚೆ ನಾಯಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಬಾಯಾರಿಕೆ ಇಲ್ಲದ ನಾಯಿ ಗುಂಡಿ ನೀರಿಗೆ ಅಷ್ಟಾಗಿ ಬಾಯಿ ಹಾಕಲ್ಲ. ದಿನಕ್ಕೆ ಕೆಜಿಗೆ 50ರಿಂದ 60 ಎಂಎಲ್ ಲೆಕ್ಕ, 30 ಕೆಜಿ ಲ್ಯಾಬ್‌ಗೆ ಒಂದೂವರೆಯಿಂದ 1.8 ಲೀಟರ್ ಬಿತ್ತು. ಅದರಲ್ಲಿ ಮುಕ್ಕಾಲು ಲೀಟರ್ ಬಾಟಲಿಯಲ್ಲಿ ಒಯ್ಯಿರಿ, ಅರ್ಧ ಗಂಟೆಗೊಮ್ಮೆ ಕೊಡಿ. ಸಂಜೆ ಬದಲು ಬೆಳಗ್ಗೆ ಹೊತ್ತು ಮೂಡಿದ ಮೇಲೆ ಹೋಗಿ. ಚಾಮುಂಡಿ ಬೆಟ್ಟದ ಸುತ್ತ ಚಿರತೆ ಇವೆ, ಕತ್ತಲಾಗೋ ಹೊತ್ತಲ್ಲಿ ನಾಯಿ ಕರೆದುಕೊಂಡು ಆ ಕಡೆ ಅಡ್ಡಾಡೋದು ಧೈರ್ಯ ಅಲ್ಲ. ಮನೆಗೆ ಬಂದ ಮೇಲೆ ಬೆರಳ ಸಂದಿ ಬಿಡಿಸಿ ತೊಳೆದು, ಟವೆಲ್ಲಿನಲ್ಲಿ ಒತ್ತಿ ಒರೆಸಿ, ಗಾಯ ಇದೆಯಾ ನೋಡಿ. ಗಾಯ ಇದ್ದರೆ ಅದು ಮಾಗೋವರೆಗೆ ಟೆರೇಸಿನಲ್ಲೇ ವಾಕ್. ಊಟ ಬಿಟ್ಟು ನೀರು ಜಾಸ್ತಿ ಕುಡಿದರೆ ಅದೇ ದಿನ ರಕ್ತ ಪರೀಕ್ಷೆ, ನನ್ನ ಹಾಗೆ ಮೂರನೇ ದಿನ ಅಲ್ಲ.

ಬೂದನಿಗೆ ಈಗಲೂ ಆರು ತಿಂಗಳಿಗೊಮ್ಮೆ ಕಿಡ್ನಿ ಹೇಗಿದೆ ಅಂತ ರಕ್ತದ ಕ್ರಿಯಾಟಿನಿನ್ ನೋಡಿಸ್ತೀನಿ. ಆ ಮೋರಿ ಡಬ್ಬಿ ಫೆಬ್ರವರಿಯಲ್ಲಿ ಸಿಕ್ತು, ಹೇಳಿದ ಜಾಗದಿಂದ ನಾಲ್ಕು ಮಾರು ಕೆಳಗೆ, ಒಣಗಿದ ಕೆಸರಿನಲ್ಲಿ ಅರ್ಧ ಹೂತು. ಮುಚ್ಚಳ ತೆಗೆದರೆ ಲಾಗ್ ಹಾಳೆ ನೆನೆದ ಅವಲಕ್ಕಿ ಹಾಗಿತ್ತು. ಹೊಸ ಹಾಳೆ ಜಿಪ್ ಕವರಿನಲ್ಲಿ ಹಾಕಿಟ್ಟು, ಡಬ್ಬಿಯನ್ನ ಮೇಲೆತ್ತಿ ಕಟ್ಟಿ ಅಂತ ಇಟ್ಟವರಿಗೆ ಬರೆದೆ. ಬೂದ ಅಷ್ಟು ಹೊತ್ತೂ ರಸ್ತೆ ಮೇಲಿನ ಕಂಬಕ್ಕೆ ಕಟ್ಟಿಸಿಕೊಂಡು ನನ್ನನ್ನ ಬೈತಾ ಇದ್ದ.