ಪಿಸಿ ಕೇಸ್‌ನ ಪುಟ್ಟ ಡಿಸ್‌ಪ್ಲೇಯಲ್ಲಿ ಗಡಿಯಾರ ಸರಿಯಾಗಿದೆ, ಉಳಿದದ್ದು ಜಪಾನಿ ಥರ ಕಾಣುತ್ತೆ. ಡಿಸ್‌ಪ್ಲೇ ಬದಲಿಸಬೇಕಾ?

ಬದಲಿಸಬೇಕಿಲ್ಲ. ಗಡಿಯಾರ ಓದೋಕೆ ಬರುತ್ತಿದೆ ಅಂದಮೇಲೆ ಗಾಜು, ಬೆಳಕು, ಚಿಪ್ ಮೂರೂ ನೆಟ್ಟಗಿವೆ. ಹೊಸದು ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ಗೆ ಓಡುವ ಮುಂಚೆ ಪರದೆ ಮೇಲಿರುವ ಕಸವನ್ನೇ ಸ್ವಲ್ಪ ಓದಿ. ತೊಂದರೆ ಎಲ್ಲಿದೆ ಅಂತ ಅದೇ ಹೇಳುತ್ತೆ.

ನೀವು ಬರೆದದ್ದರಲ್ಲಿ ಎರಡು ಬೇರೆಬೇರೆ ಕಾಯಿಲೆ ಕಲೆತಿವೆ. ನಿಮ್ಮ ಸ್ಕ್ರಿಪ್ಟ್ (ನೀವು ಬರೆದ ಪುಟ್ಟ ಪ್ರೋಗ್ರಾಂ) ಕಳಿಸುವ ತಾಪಮಾನದ ಪಕ್ಕ ಮತ್ತು ಕನ್ನಡ ಹಾಡಿನ ಹೆಸರಿನ ಜಾಗದಲ್ಲಿ ಯಾವಾಗಲೂ ಜಪಾನಿ ಅಕ್ಷರ ಬರುವುದು ಒಂದು. ಕಂಪ್ಯೂಟರನ್ನು ಸ್ಲೀಪ್‌ನಿಂದ ಎಬ್ಬಿಸಿದಾಗ ಗಡಿಯಾರವೂ ಸೇರಿ ಎರಡೂ ಸಾಲು ಕಲಸುಮೇಲೋಗರ ಆಗುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧ ಹುಡುಕಿದ್ದಕ್ಕೇ ನಿಮಗೆ ತಲೆ ಕೆಟ್ಟಿರುವುದು.

ಮೊದಲು ಜಪಾನಿ ಅಕ್ಷರದ ವಿಷಯ. ಅವು ಕಟಕಾನಾ, ಜಪಾನಿಯ ಒಂದು ಲಿಪಿ. ಅವು ಕಾಣಿಸುತ್ತಿವೆ ಅಂದರೆ ಒಳಗೆ ಡಿಸ್‌ಪ್ಲೇ ನಡೆಸುತ್ತಿರುವ ಚಿಪ್ ಹಿಟಾಚಿಯ ಎಚ್‌ಡಿ44780, ಇಲ್ಲವೇ ಅದರ ತದ್ರೂಪಿ. ಸಾಲಿಗೆ ಹದಿನಾರು ಮನೆಯಂತೆ ಎರಡು ಸಾಲಿರುವ ಇಂಥ 16×2 ಡಿಸ್‌ಪ್ಲೇಗಳಲ್ಲಿ ಅದೇ ಹೆಚ್ಚು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಅನ್ನುವುದೇ ಈ ಚಿಪ್‌ಗೆ ಗೊತ್ತಿಲ್ಲ. ಒಂದು ಬೈಟ್ ಕೊಟ್ಟರೆ ತನ್ನೊಳಗೆ ಅಚ್ಚಾಗಿರುವ ಪಟ್ಟಿಯಿಂದ ಒಂದು ಅಕ್ಷರ ತೆಗೆದು ತೋರಿಸುತ್ತೆ, ಅಷ್ಟೇ. ಎ00 ಅನ್ನುವ ಮಾದರಿಯ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಮುಗಿದ ಮೇಲೆ ಕಟಕಾನಾ ಇದೆ. ಎ02 ಮಾದರಿಯಲ್ಲಿ ಆ ಜಾಗದಲ್ಲಿ ಯೂರೋಪಿನ ಅಕ್ಷರಗಳಿವೆ. ನಿಮ್ಮದು ಎ00.

ಈಗ ಡಿಗ್ರಿ ಚಿಹ್ನೆಯನ್ನೇ ನೋಡಿ. ನಿಮ್ಮ ಸ್ಕ್ರಿಪ್ಟ್ ಅದನ್ನು ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ರೀತಿಯಲ್ಲಿ ಕಳಿಸುತ್ತೆ: ಸಿ2 ಮತ್ತು ಬಿ0 ಎಂಬ ಎರಡು ಬೈಟ್ (ಇವು ಹದಿನಾರರ ಎಣಿಕೆಯ ಸಂಖ್ಯೆಗಳು). ಎ00 ಪಟ್ಟಿಯಲ್ಲಿ ಸಿ2 ಅಂದರೆ ಕಟಕಾನಾದ ‘ತ್ಸು’, ಬಿ0 ಅಂದರೆ ಒಂದು ಉದ್ದ ಗೆರೆ. 45 ಆದಮೇಲೆ ಓರೆ ಗೆರೆಗಳ ನಗುಮುಖದಂಥದ್ದೊಂದು, ಪಕ್ಕದಲ್ಲೊಂದು ಅಡ್ಡಗೆರೆ, ಆಮೇಲೆ ಸೆಲ್ಸಿಯಸ್ಸಿನ ‘ಸಿ’ ಕಾಣುತ್ತಿದ್ದರೆ ನಡೆಯುತ್ತಿರುವುದು ಇದೇ. ಚಿಪ್‌ನ ಪಟ್ಟಿಯಲ್ಲಿ ಡಿಗ್ರಿ ಇಲ್ಲ ಅಂತಲ್ಲ, ಡಿಎಫ್ ಜಾಗದಲ್ಲಿ ಇದೆ. ಅಲ್ಲಿಗೆ ಕರೆದುಕೊಂಡು ಹೋಗುವವರು ಬೇಕು.

ಆ ಕೆಲಸ ಎಲ್‌ಸಿಡಿಪ್ರಾಕ್‌ನದು, ಅಂದರೆ ಲಿನಕ್ಸ್‌ನಲ್ಲಿ ಇಂಥ ಡಿಸ್‌ಪ್ಲೇ ನಡೆಸುವ ತಂತ್ರಾಂಶದ್ದು. ಅದು ಹೊರಗಿನಿಂದ ಲ್ಯಾಟಿನ್-1 (ಅಕ್ಷರಕ್ಕೊಂದೇ ಬೈಟ್ ಇರುವ ಹಳೆಯ ಪದ್ಧತಿ) ಪಠ್ಯ ಬರುತ್ತೆ ಅಂದುಕೊಂಡಿರುತ್ತೆ, ಬಂದದ್ದನ್ನು ‘ಕ್ಯಾರ್‌ಮ್ಯಾಪ್’ ಎಂಬ ಹೊಂದಾಣಿಕೆ ಪಟ್ಟಿ ನೋಡಿ ಚಿಪ್‌ನ ಪಟ್ಟಿಗೆ ಹೊಂದಿಸುತ್ತೆ. ಆದ್ದರಿಂದ ಎರಡು ಕಡೆ ಕೈ ಹಾಕಬೇಕು. ಎಲ್‌ಸಿಡಿಡಿಯ (ಎಲ್‌ಸಿಡಿಪ್ರಾಕ್‌ನ ಸರ್ವರ್ ಭಾಗ) ಕಾನ್ಫಿಗ್ ಫೈಲ್‌ನಲ್ಲಿ ಕ್ಯಾರ್‌ಮ್ಯಾಪ್ ‘ಯೂರೋ’ ಅಂತಿದ್ದರೆ ‘ಡಿಫಾಲ್ಟ್’ ಮಾಡಿ. ಸ್ಕ್ರಿಪ್ಟ್‌ನಿಂದ ಎಲ್‌ಸಿಡಿಡಿಯ 13666 ಪೋರ್ಟ್‌ಗೆ ಕಳಿಸುವ ಮುಂಚೆ ಪಠ್ಯವನ್ನು ‘ಐಕಾನ್ವ್’ ಎಂಬ ಕಮಾಂಡ್ ಮೂಲಕ ಯುಟಿಎಫ್-8ರಿಂದ ಐಎಸ್‌ಒ-8859-1ಕ್ಕೆ (ಲ್ಯಾಟಿನ್-1ರದೇ ಇನ್ನೊಂದು ಹೆಸರು) ಬದಲಿಸಿ. ಮೊದಲನೆಯದನ್ನು ಮಾತ್ರ ಮಾಡಿದರೆ ಡಿಗ್ರಿ ಬರುತ್ತೆ, ಆದರೆ ಅದರ ಎಡಕ್ಕೆ ಬೇಡದ ಅಕ್ಷರವೊಂದು ಅಂಟಿಕೊಂಡೇ ಇರುತ್ತೆ.

ಕನ್ನಡ ಹಾಡಿನ ಹೆಸರಿಗೆ ಮಾತ್ರ ಈ ಮದ್ದು ನಾಟುವುದಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಎ00 ಪಟ್ಟಿಯಲ್ಲಿ ಅವು ಗ್ರೀಕಿನ ಆಲ್ಫಾ, ಕಟಕಾನಾದ ‘ಇ’ ಮತ್ತು ‘ಉ’. ‘ಕ’ ಬರೆದರೆ ಆಲ್ಫಾ, ‘ಇ’, ಒಂದು ಖಾಲಿ ಮನೆ. ‘ಹಾಡು’ ಅನ್ನುವಷ್ಟರಲ್ಲಿ (ಎರಡು ಅಕ್ಷರ, ಎರಡು ಸ್ವರಚಿಹ್ನೆ, ಒಟ್ಟು ನಾಲ್ಕು ಸಂಕೇತ) ಹದಿನಾರರಲ್ಲಿ ಹನ್ನೆರಡು ಮನೆ ಖರ್ಚು. ಸಾಲಿನ ತುಂಬ ಆಲ್ಫಾ ಮೆರವಣಿಗೆ ಹೊರಟಿದೆ ಅಂತ ನೀವು ಬರೆದಿದ್ದರ ಗುಟ್ಟು ಇದು. ಲ್ಯಾಟಿನ್-1ರಲ್ಲಿ ಕನ್ನಡವೇ ಇಲ್ಲ, ಬದಲಿಸಲು ಹೊರಟರೆ ಐಕಾನ್ವ್ ತಪ್ಪು ಅಂತ ನಿಂತುಬಿಡುತ್ತೆ, ಇಲ್ಲವೇ ಆಲ್ಫಾ ಹೋಗಿ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ ಬರುತ್ತೆ. ನಾವೇ ಬರೆದುಕೊಳ್ಳುವ ಅಕ್ಷರಗಳಿಗೆ ಚಿಪ್‌ನಲ್ಲಿ ಜಾಗ ಇದೆ, ಆದರೆ ಎಂಟೇ ಎಂಟು, ಅದೂ 5×8 ಚುಕ್ಕಿ. ಅದರಲ್ಲಿ ಒತ್ತಕ್ಷರ ಕೂರಿಸಲು ಹೊರಡುವುದು ವ್ಯರ್ಥ ಶ್ರಮ ಅಂತ ನನ್ನ ಅಭಿಪ್ರಾಯ. ಹಾಡಿನ ಟ್ಯಾಗ್‌ಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಇಟ್ಟುಕೊಳ್ಳಿ. ಕನ್ನಡವೇ ಬೇಕೆಂಬ ಹಟವಿದ್ದರೆ 128×64 ಚುಕ್ಕಿಯ ಓಎಲ್‌ಇಡಿ ಪರದೆ ಹಾಕಿ, ಪೈಥಾನ್‌ನಲ್ಲಿ ಚಿತ್ರ ಬರೆಯುವ ಪಿಲ್ಲೊದಲ್ಲಿ ಅಕ್ಷರ ಜೋಡಿಸುವ ‘ರಾಕ್ಮ್’ ಬೆಂಬಲ ಇರುವಂತೆ ನೋಡಿಕೊಂಡು, ನೋಟೊ ಸಾನ್ಸ್ ಕನ್ನಡ ಫಾಂಟ್‌ನಲ್ಲಿ ಚಿತ್ರವಾಗಿ ಬರೆಸಿ. ರಾಕ್ಮ್ ಇಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ.

ಇನ್ನು ಸ್ಲೀಪ್ ಆದಮೇಲಿನ ಗೊಂದಲ. ಇದಕ್ಕೂ ಭಾಷೆಗೂ ಸಂಬಂಧ ಇಲ್ಲ. ಕೇಸ್‌ಗಳಲ್ಲಿ ತಂತಿ ಉಳಿಸಲು ಒಂದು ಬೈಟನ್ನು ಎರಡು ಅರ್ಧವಾಗಿ, ನಾಲ್ಕು ತಂತಿಯಲ್ಲಿ ಕಳಿಸುವ ಜೋಡಣೆ ತುಂಬ ಬಳಕೆಯಲ್ಲಿದೆ. ಕರೆಂಟ್ ಹೋಗಿ ಬಂದಾಗ ಒಂದೇ ಒಂದು ಅರ್ಧ ತಪ್ಪಿದರೂ ಸಾಕು, ಅಲ್ಲಿಂದ ಮುಂದೆ ಹಿಂದಿನ ಬೈಟ್‌ನ ಬಾಲ ಮುಂದಿನದರ ತಲೆಗೆ ಸೇರಿಕೊಳ್ಳುತ್ತೆ. ಇಂಗ್ಲಿಷಿನ ಸಣ್ಣ ‘ಎಲ್’ 6ಸಿ. ಅದನ್ನೇ ಸಾಲಾಗಿ ಬರೆದು ನೋಡಿ. ಅರ್ಧ ಜಾರಿದ್ದರೆ ಅದು ಸಿ6 ಆಗಿ, ಪರದೆ ತುಂಬ ಎರಡು ಅಡ್ಡಗೆರೆಯ ಕಟಕಾನಾ ‘ನಿ’ ನಿಂತಿರುತ್ತೆ.

ಎಲ್‌ಸಿಡಿಡಿಯನ್ನು ಮರುಚಾಲನೆ ಮಾಡಿದರೆ ಅದು ಚಿಪ್‌ಗೆ ಮೊದಲಿನಿಂದ ಪಾಠ ಹೇಳಿಕೊಡುತ್ತೆ, ಸರಿಹೋಗುತ್ತೆ. ಎಬ್ಬಿಸಿದಾಗಲೆಲ್ಲ ತಾನಾಗಿ ಆಗುವಂತೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಬರೆದುಬಿಡಿ. ನಿದ್ದೆಯ ಹಂಗಿಲ್ಲದೆ ಮಧ್ಯೆಮಧ್ಯೆಯೂ ಕಸ ಬಂದರೆ ಚಿಪ್ ನಿಧಾನ ಅಂತ ಅರ್ಥ. ಡ್ರೈವರ್‌ನ ‘ಡಿಲೇಮಲ್ಟ್’ ಮೌಲ್ಯವನ್ನು 1ರಿಂದ 2ಕ್ಕೆ, ಆಗದಿದ್ದರೆ 4ಕ್ಕೆ ಏರಿಸಿ. ‘ರಿಫ್ರೆಶ್‌ಡಿಸ್‌ಪ್ಲೇ’ ಅನ್ನುವುದೂ ಒಂದಿದೆ, ಹೇಳಿದಷ್ಟು ಸೆಕೆಂಡಿಗೊಮ್ಮೆ ಪರದೆಯನ್ನು ಪೂರ್ತಿ ಬರೆಸುತ್ತೆ. ಅದು ಕಸ ಗುಡಿಸುತ್ತೆ, ಆದರೆ ಕಸ ಎಲ್ಲಿಂದ ಬರುತ್ತಿದೆ ಅಂತ ಹೇಳುವುದಿಲ್ಲ. ಹಾಗಾಗಿ ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಹಳೆಯ ಪ್ಯಾರಲಲ್ ಪೋರ್ಟ್‌ಗೆ ಎಂಟು ತಂತಿಯ ಜೋಡಣೆ ನಿಮ್ಮದಾದರೆ 01234567 ಅಂತ ಬರೆಸಿ. 11335577 ಬಂದರೆ ಡಿ0 ಎಂಬ ಮೊದಲ ಡೇಟಾ ತಂತಿ ಬಿಟ್ಟುಕೊಂಡಿದೆ. 00224466 ಬಂದರೆ ಅದೇ ತಂತಿ ಗ್ರೌಂಡ್‌ಗೆ ತಾಗಿದೆ. ಕೇಬಲ್ ಕಿತ್ತು ಮತ್ತೆ ಒತ್ತಿ ಕೂರಿಸಿ.

ಕೇಸ್‌ನ ಮಾದರಿ ನೀವು ಬರೆದಿಲ್ಲ. ಯುಎಸ್‌ಬಿ ಸಾಧನಗಳನ್ನು ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್‌ನ ಪಟ್ಟಿಯಲ್ಲಿ ಗುರುತಿನ ಸಂಖ್ಯೆ 15ಸಿ2ರಿಂದ ಶುರುವಾಗುವ ಸಾಧನ ಕಂಡರೆ ಅದು ಸೌಂಡ್‌ಗ್ರಾಫ್ ಕಂಪನಿಯ ಐಮಾನ್ ಡಿಸ್‌ಪ್ಲೇ. ಆಗ ಮೇಲೆ ಹೇಳಿದ ಡಿಲೇ ಸಂಗತಿ ನಿಮಗೆ ಅನ್ವಯಿಸುವುದಿಲ್ಲ, ಕ್ಯಾರ್‌ಮ್ಯಾಪ್ ಮಾತ್ರ ಅನ್ವಯಿಸುತ್ತೆ. ಕರ್ನಲ್‌ನ ಐಮಾನ್ ಮಾಡ್ಯೂಲ್ ನಿಮ್ಮ ವಿಎಫ್‌ಡಿಯನ್ನು (ತಾನೇ ಬೆಳಗುವ ಅಕ್ಷರಗಳ ಡಿಸ್‌ಪ್ಲೇ) ಎಲ್‌ಸಿಡಿ ಅಂತ ತಪ್ಪು ತಿಳಿದಿದ್ದರೆ ‘ಡಿಸ್‌ಪ್ಲೇ ಟೈಪ್’ 1 ಅಂತ ನೀವೇ ಕೊಡಬಹುದು. ಆ ಪಟ್ಟಿಯ ಸಾಲು ಮತ್ತು ಕಾನ್ಫಿಗ್‌ನ ಡ್ರೈವರ್ ಸಾಲು ಎರಡನ್ನೂ ಇಲ್ಲಿ ಹಾಕಿ, ಮುಂದಿನದು ನೋಡೋಣ.